ಇನ್ನೂರ ಇಪ್ಪತ್ತಾರು

ಲೀಪಾಯದ ಬಂದರಿನಲ್ಲಿ ಒಂದು ಹಳೇ ಸರ್ವರ್.
ನೀರಿನ ಮಟ್ಟ ಅಳೆಯುವ ಕೋಣೆ, ತುಕ್ಕಿನ ಬಾಗಿಲು.
ತಾಸಿಗೊಂದು ಫೈಲು ಕೊಡುತ್ತದೆ:
ಗಾಳಿ ನೂಕಿದಷ್ಟು ಕಡಲು ಏರಿತು,
ಗಾಳಿ ಬಿಟ್ಟಷ್ಟು ಇಳಿಯಿತು.
ಕೊಟ್ಟು ಸುಮ್ಮನಾಗುತ್ತದೆ.

ನಿಯಮದಲ್ಲಿ ಸುಮ್ಮನಾಗುವ ಹಾಗಿಲ್ಲ.
ಮುಟ್ಟಿಸಿದ ಮೇಲೆ ಮುಟ್ಟಿಸಿದೆ ಎನ್ನತಕ್ಕದ್ದು:
ಇನ್ನೂರ ಇಪ್ಪತ್ತಾರು, ಒಂದು ತೆರಪು, ಎರಡು ಮಾತು,
ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಅಕ್ಷರ.
ಗಾಡಿ ಹಿಂದಕ್ಕೆ, ಕಾಗದ ಮೇಲಕ್ಕೆ,
ಯಾವ ಕಾಲದ್ದೋ ಟೈಪ್‌ರೈಟರಿನ ಎರಡು ಚಲನೆ
ಇನ್ನೂ ತೀರಿಲ್ಲ.

ನಾನು ಬರೆದ ಕ್ಲೈಂಟ್ ಶಿಸ್ತಿನದು.
ಕೊನೆಯ ಬೈಟೂ ಬಂದು ಡಿಸ್ಕಿನಲ್ಲಿ ಕೂತಿರುತ್ತದೆ,
ಅದು ಮಾತ್ರ ಹೊಸಿಲ ಮೇಲೆ ನಿಂತು
ಒಂದು ಮಾತಿಗೆ ಕಾಯುತ್ತದೆ. ಅರವತ್ತು ಸೆಕೆಂಡು.
ಆಮೇಲೆ ತಂದದ್ದನ್ನೆಲ್ಲ ಅಳಿಸಿ
'ವಿಫಲ' ಎಂದು ಬರೆದು ಮಲಗುತ್ತದೆ.

ಮೂರು ವಾರ ಹೀಗೆ.
ಪೈಲಟ್ ಕಚೇರಿಯ ಸ್ಕೈದ್ರೀತೆಯ ಫೋನು,
ಕಲ್ಲು ನೀರು ಕರಗುವ ಹೊತ್ತಿನಲ್ಲಿ:
"ನಿನ್ನ ಹೊಸ ಆವೃತ್ತಿ ಬಂದಾಗಿಂದ
ನಮಗೆ ಕಡಲೇ ಇಲ್ಲ ನೋಡು.
ಹಳೆಯದು ಒರಟು. ಆದರೂ ತರುತ್ತಿತ್ತು."

ಏನನ್ನೂ ಕೇಳುತ್ತಿರಲಿಲ್ಲ, ಅದಕ್ಕೇ ತರುತ್ತಿತ್ತು.
ಒಮ್ಮೆ ಅರ್ಧ ಫೈಲನ್ನೇ ಪೂರ್ತಿಯೆಂದು ನಂಬಿ
ಹಿಂದಿನ ತಾಸಿನ ನೀರನ್ನು ಈ ತಾಸಿನದೆಂದು ತೋರಿಸಿ
ಮರದ ದಿಮ್ಮಿಯ ಹಡಗೊಂದು ಮರಳಿಗೆ ಕೂತದ್ದು
ಅವಳಿಗೂ ಗೊತ್ತು, ನನಗೂ ಗೊತ್ತು.
ಇಬ್ಬರೂ ಆ ಮಾತೆತ್ತಲಿಲ್ಲ.
ವಿನಾಯಿತಿ ಬರೆಯಲು ಕೈ ಕೀಲಿಯವರೆಗೆ ಹೋಗಿ
ವಾಪಸು ಬಂತು.

ತಕ್ಕದ್ದು. ಒಳಿತು. ಬಹುದು.
ಈ ಮೂರರ ಸಂದಿಯಲ್ಲಿ
ನನ್ನ ಹದಿನಾಲ್ಕು ವರ್ಷ ಹೋಗಿವೆ.
'ಬಹುದು' ಎಂದಲ್ಲೆಲ್ಲ ಲೋಕ ತನಗೆ ತೋಚಿದ ಮನೆ ಕಟ್ಟಿಕೊಂಡಿದೆ;
ತಾರೀಖು ಮೊದಲಿಟ್ಟವರು, ತಿಂಗಳು ಮೊದಲಿಟ್ಟವರು,
ವರ್ಷವನ್ನೇ ಬಿಟ್ಟವರೂ ಉಂಟು.
ಹೋದ ಡಿಸೆಂಬರೋ ಅದರ ಹಿಂದಿನದೋ
ಫೈಲನ್ನೇ ಕೇಳಬೇಕು.

ಸರ್ವರ್ ಬರೆದವನನ್ನು ಹುಡುಕಿ ಹೋದೆ. ಅರ್ವೀಡ್ಸ್, ಎಂಬತ್ತೊಂದು,
ಟ್ರ್ಯಾಮಿನ ಕೊನೆಯ ನಿಲ್ದಾಣದಾಚೆ
ಲಿಂಡೆನ್ ಮರದ ಕೆಳಗೆ ಮೀನಿಗೆ ಹೊಗೆ ಹಾಕುತ್ತಿದ್ದ.
ನಿಂತೇ ಆಪಾದನೆ ಓದಿದೆ: ಇಂಥ ಪುಟ, ಇಂಥ ಸಾಲು.
ಕೈ ಒರೆಸಿಕೊಂಡು ಒಳಹೋಗಿ ಒಂದು ಕಟ್ಟು ತಂದ.
ತೊಂಬತ್ತೆರಡರಲ್ಲಿ ಸ್ಟಾಕ್‌ಹೋಮಿನಿಂದ ಹಡಗಿನಲ್ಲಿ ಬಂದ ಜೆರಾಕ್ಸು,
ಅಂಚಿನ ತುಂಬ ಪೆನ್ಸಿಲ್ಲು.
"ತೋರಿಸು" ಎಂದ.

ಬೆರಳು ಹಚ್ಚಿ ತಿರುವಿದೆ. ನಲವತ್ತು. ನಲವತ್ತೊಂದು.
ನಲವತ್ತಮೂರು.

ಮತ್ತೊಮ್ಮೆ ತಿರುವಿದೆ.

ಹೊಗೆ ಇಬ್ಬರ ಕಣ್ಣಿಗೂ ಬಂತು.
"ಕೊಟ್ಟಾದ ಮೇಲೆ ಹೇಳುವುದೇನು ಅಂದುಕೊಂಡೆ" ಎಂದ.
"ನಮ್ಮ ಕಾಲದಲ್ಲಿ ಯಾರೂ ಹೇಳುತ್ತಿರಲಿಲ್ಲ.
ಬಾಗಿಲಲ್ಲಿ ರೊಟ್ಟಿ ಇಟ್ಟು ಹೋಗುತ್ತಿದ್ದರು.
ಯಾರೆಂದು ತಿಳಿದರೆ ಅವರಿಗೇ ಕಷ್ಟ."

ಮರುದಿನ ನಲವತ್ತೆರಡನೇ ಪುಟ ಅಚ್ಚು ಹಾಕಿ ಕೊಟ್ಟೆ.
ಕನ್ನಡಕ ಏರಿಸಿ ಓದಿದ, ಮಗ್ಗಿ ಓದುವ ಹುಡುಗನಂತೆ ತುಟಿಯಾಡಿಸುತ್ತ.
ಕಾಗದಕ್ಕೆ ಮೀನಿನ ಎಣ್ಣೆ ಹತ್ತಿತು.
ಹೋಗುವಾಗ ಎರಡು ಮೀನು ಕಟ್ಟಿಕೊಟ್ಟ,
ಏನೂ ಹೇಳಲಿಲ್ಲ.

ಗುರುವಾರ ರಾತ್ರಿ ಸರ್ವರ್ ಬಾಯಿ ಬಿಟ್ಟಿತು.
ಮೂವತ್ತು ವರ್ಷದ ಮೇಲೆ, ಲಾಗಿನಲ್ಲಿ, ಕಣ್ಣಾರೆ ಕಂಡೆ:
ಇನ್ನೂರ ಇಪ್ಪತ್ತಾರು, ತೆರಪು, ಎರಡು ಮಾತು.
ಕೊನೆಗೆ ಒಂದೇ ಅಕ್ಷರ.
ಕಾಗದ ಮೇಲೇರಿತ್ತು,
ಗಾಡಿ ಹಿಂದಕ್ಕೆ ಬಂದಿರಲಿಲ್ಲ.

ನನ್ನ ಕ್ಲೈಂಟ್ ಕಾಯುತ್ತಿತ್ತು, ಹೊಸಿಲ ಮೇಲೆ.
ಐವತ್ತೇಳು. ಐವತ್ತೆಂಟು.
ಫೋನು ಅದುರತೊಡಗಿತು, ಸ್ಕೈದ್ರೀತೆಯದೇ.
ಎತ್ತದೆ ಕೋಟು ಹಾಕಿಕೊಂಡೆ.
ಮೊದಲ ಟ್ರ್ಯಾಮಿಗೆ ಇನ್ನೂ ಹೊತ್ತಿತ್ತು.